ಆವತಿಯ ಬೆಟ್ಟಕ್ಕೆ ಬಂಡಿಯ ದಾರಿ

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯನ್ನು ಹಿಡಿದು ಉತ್ತರಾಭಿಮುಖವಾಗಿ ಪ್ರಯಾಣಮಾಡುವವರ ದೃಷ್ಟಿಯೆಲ್ಲವೂ ನಂದಿದುರ್ಗದ ಮೇಲೆಯೇ ನೆಟ್ಟಿರುತ್ತದೆ. 4,851 ಅಡಿಗಳಷ್ಟು ಎತ್ತರವಾದ ಆ ಗಿರಿಯ ಇದಿರಿನಲ್ಲಿ ಮಿಕ್ಕ ಗುಡ್ಡಗಳು ದೊರೆಯ ಸಮ್ಮುಖದ ಊಳಿಗದವರಂತೆ ತಲೆತಗ್ಗಿಸಿ ನಿಂತಿರುವುದು ಸಹಜವೇ. ದೇವನಹಳ್ಳಿಯನ್ನು ದಾಟಿ ಆರೇಳು ಕಿಲೋಮೀಟರು ಹೋದಲ್ಲಿ ಸಿಕ್ಕುವ ಆವತಿಯ ಬೆಟ್ಟವು ಇಂತಹ ಊಳಿಗದವರಲ್ಲೊಂದು. ಮೋಟಾರಿನಲ್ಲಿ ಹೋಗುವವರು ಅದನ್ನು ನೋಡಿಯೂ ನೋಡದಂತೆ ಹೋಗುತ್ತಾರೆ. ಆದರೆ ಕೆಲವು ವರ್ಷಗಳಿಂದ ಈಚೆಗೆ ಭಾನುವಾರದ ಬೆಳಗಿನ ಜಾವದಲ್ಲಿ ತಲೆಗೆ ಗಟ್ಟಿಟೋಪಿಯನ್ನು ಧರಿಸಿದ ತರುಣ ತರುಣಿಯರು ದಪ್ಪ ಟಯರಿನ ಸೈಕಲ್ಲುಗಳನ್ನೇರಿ ಈ ಬೆಟ್ಟವನ್ನೇ ಅರಸಿಕೊಂಡು ಬರುತ್ತಿದ್ದಾರೆ.

ಇದೇನು ವಿಚಿತ್ರವೆಂದು ಗೃಹಸ್ಥರಾದ ವಾಚಕರು ಕೇಳಬಹುದು. ಬೆಟ್ಟದ ಸೈಕಲ್ಲೆಂಬುದು ನಮ್ಮ ಕಾಲದ ಇಪ್ಪತ್ತೆಂಟು ಅಂಗುಲದ ಗಾಲಿಯ ಸೈಕಲ್ಲಿನ ಜಾತಿಯದೇ ಆದರೂ ಸ್ವಭಾವದಲ್ಲಿ ಬೇರೆ. ಟಯರಿನ ಮೇಲೆ ಗೋರಂಟಿಯ ಮೊಗ್ಗಿನಂತೆ ಉಬ್ಬುಗಳಿರುತ್ತವೆ. ಮುಂದಿನ ಕವಲಿನಲ್ಲಿ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುವ ಕೊಳವೆಗಳು. ಕಡಿದಾದ ಏರಿನಲ್ಲಿಯೂ ಕಾಲು ಸೋಲದಂತೆ ತುಳಿಯಲು ಹಲ್ಲುಚಕ್ರಗಳ ಸಾಲು. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮರಿನ್ ಸೀಮೆಯಲ್ಲಿ ಕೆಲವು ತರುಣರು ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಬೆಟ್ಟಕ್ಕೇರಿಸಿ, ಕಾಡ್ಗಿಚ್ಚನ್ನು ನಂದಿಸುವವರಿಗಾಗಿ ಕಡಿದ ಮಣ್ಣುದಾರಿಯಲ್ಲಿ ಪಂದ್ಯ ಕಟ್ಟಿ ಇಳಿದರು. ಹಿಂದಿನ ಗಾಲಿಯ ಗುಂಬದೊಳಗಿನ ಬ್ರೇಕು ಕಾದು ಅದರ ಗ್ರೀಸೆಲ್ಲವೂ ಹೊಗೆಯಾಗಿ ಹೋಗುತ್ತಿದ್ದುದರಿಂದ ಮರಳಿ ಮರಳಿ ಹೊಸ ಗ್ರೀಸನ್ನು ತುಂಬಬೇಕಾಗುತ್ತಿತ್ತು; ಆ ದಾರಿಗೆ ‘ಮತ್ತೆ ತುಂಬು’ ಎಂಬರ್ಥದ ಹೆಸರೇ ನಿಂತುಹೋಯಿತು. ಹುಡುಗಾಟದಿಂದ ಹುಟ್ಟಿದ ಆ ಆಟವು ಲೋಕವನ್ನೆಲ್ಲ ಸುತ್ತಿ ಈಗ ಆವತಿಗೂ ಬಂದಿದೆ.

ಆವತಿಯ ಗುಡ್ಡದಲ್ಲಿ ಈ ಆಟಕ್ಕೆಂದು ಯಾರೂ ದಾರಿ ಕಡಿದಿಲ್ಲ. ಮೇಕೆ ಕುರಿಗಳು ಮೇವಿಗೆ ಏರಿದ ಜಾಡು, ಬೆಟ್ಟದ ಗುಡಿಗೆ ಹೋಗುವ ಭಕ್ತರ ಕಾಲುದಾರಿ, ಸೌದೆ ಹೊತ್ತ ಹೆಂಗಸರು ಇಳಿದ ಓಣಿ, ಇವೆಲ್ಲವೂ ಒಂದಕ್ಕೊಂದು ಕೂಡಿ ಅಗಲಿ ಬಂಡೆಗಳ ಮೇಲೆ ಬಲೆಯಂತೆ ಹರಡಿವೆ. ಸಂಸ್ಕೃತದಲ್ಲಿ ‘ಮಾರ್ಗ’ವೆಂಬ ಶಬ್ದವು ‘ಮೃಗ’ ಶಬ್ದದ ನಂಟುಳ್ಳದ್ದು; ಮೊದಲಿಗೆ ಮೃಗದ ಹೆಜ್ಜೆಯ ಜಾಡೇ ಮಾರ್ಗವೆನಿಸಿತು. ಅದರ ಮೂಲ ಧಾತುವಿಗೆ ಹುಡುಕುವುದೆಂಬ ಅರ್ಥವೂ ಉಂಟು. ಮೂವತ್ತು ವರ್ಷ ಈ ಶಬ್ದವನ್ನು ಪಾಠಶಾಲೆಯಲ್ಲಿ ಹೇಳಿಕೊಟ್ಟಿದ್ದರೂ ಅದರ ಎರಡು ಅರ್ಥಗಳನ್ನೂ ಒಂದೇ ಗುಡ್ಡದ ಮೇಲೆ ಕಣ್ಣಾರೆ ಕಂಡುದು ನಮ್ಮ ನಿವೃತ್ತಿಯ ತರುವಾಯವೇ.

ನಮ್ಮ ತಂಗಿಯ ಮಗನು ಬೆಂಗಳೂರಿನ ಒಂದು ಕಂಪೆನಿಯಲ್ಲಿ ನೌಕರ. ಶನಿವಾರ ರಾತ್ರಿ ದೇವನಹಳ್ಳಿಯ ನಮ್ಮ ಮನೆಗೆ ಬಂದು ಮಲಗಿ, ಭಾನುವಾರ ಮುಂಜಾನೆ ಆವತಿಗೆ ಹೋಗುವುದು ಅವನ ವಾಡಿಕೆ. ಬೆಟ್ಟದ ವಿಷಯದಲ್ಲಿ ಅವನ ತಾಯಿಗೆ ಅಷ್ಟು ಭಯವಿರಲಿಲ್ಲ. ಭಯವೆಲ್ಲ ಬೆಟ್ಟಕ್ಕೆ ಹೋಗುವ ಹೆದ್ದಾರಿಯದು. ಶ್ರೀನಗರದಿಂದ ಕನ್ಯಾಕುಮಾರಿಯವರೆಗಿನ 44ನೆಯ ರಾಷ್ಟ್ರೀಯ ಹೆದ್ದಾರಿಯು ದೇಶದಲ್ಲಿಯೇ ಅತಿ ಉದ್ದವಾದುದು. 2008ರ ಮೇ ತಿಂಗಳಲ್ಲಿ ನಮ್ಮೂರ ಪಕ್ಕದಲ್ಲಿ ವಿಮಾನ ನಿಲ್ದಾಣವು ತೆರೆದ ಮೇಲಂತೂ ಅದರ ವೇಗವೂ ಆರ್ಭಟವೂ ಇಮ್ಮಡಿಯಾದವು. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ಆ ರಸ್ತೆಯು ಮೋರಿಯೋ ಸೇತುವೆಯೋ ಬಂದ ಕೂಡಲೇ ಥಟ್ಟನೆ ಮುಗಿದು, ಸೈಕಲ್ಲಿನವನನ್ನು ಲಾರಿಗಳ ಬಾಯಿಗೆ ತಳ್ಳಿ, ಆಚೆ ದಡದಲ್ಲಿ ಏನೂ ಅರಿಯದ ಸಾಧುವಿನಂತೆ ಮರಳಿ ಪ್ರತ್ಯಕ್ಷವಾಗುತ್ತದೆ. ಕಳೆದ ವರ್ಷ ಅಂತಹ ಒಂದು ಸ್ಥಳದಲ್ಲಿ ಅವನ ಸ್ನೇಹಿತನೊಬ್ಬನು ಲಾರಿಯ ಗಾಳಿಯ ಹೊಡೆತಕ್ಕೆ ತತ್ತರಿಸಿ ಬಿದ್ದು ಕೊರಳೆಲುಬನ್ನು ಮುರಿದುಕೊಂಡನು. ಸುದ್ದಿ ಕೇಳಿದ ತಂಗಿಯು ನಮ್ಮ ಮನೆಗೆ ಬಂದು, “ಅಣ್ಣಾ, ಒಂದೋ ಇವನಿಗೆ ಬೇರೆ ದಾರಿ ತೋರಿಸು, ಇಲ್ಲವೇ ಆ ಸೈಕಲ್ಲನ್ನು ನಿನ್ನ ಅಟ್ಟದ ಮೇಲೆ ಹಾಕಿ ಬೀಗ ಹಾಕು” ಎಂದು ತೀರ್ಪುಕೊಟ್ಟಳು. ಈ ತಾಲ್ಲೂಕಿನ ನಾಲ್ಕು ಶಾಲೆಗಳಿಗೆ ಸೈಕಲ್ಲು ತುಳಿದು ಕಾಲ ಕಳೆದವರು ನಾವಾದುದರಿಂದ ಹೊಣೆಯು ನಮ್ಮ ಮೇಲೆ ಬಿದ್ದುದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಮೊದಲು ರೈಲಿನ ಯೋಚನೆ ಬಂದಿತು. ಯಲಹಂಕದಿಂದ ದೇವನಹಳ್ಳಿಯ ಮೂಲಕ ಚಿಕ್ಕಬಳ್ಳಾಪುರಕ್ಕೆ 1915ರ ಸುಮಾರಿಗೆ ಎರಡೂವರೆ ಅಡಿ ಅಗಲದ ಕಿರುಹಳಿಯ ರೈಲು ಬಂದಿತ್ತು. ಈಗ ಅದು ಅಗಲ ಹಳಿಯಾಗಿದೆ. ಆವತಿಹಳ್ಳಿಯೆಂಬ ಪುಟ್ಟ ಹಳೆಯ ನಿಲ್ದಾಣವೂ ಆ ಹಳಿಯ ಮೇಲಿದೆ. ಆದರೆ ದಿನಕ್ಕೆ ಬರುವ ಗಾಡಿಗಳು ಕೆಲವೇ. ಅವುಗಳ ವೇಳೆಯು ಸೂರ್ಯೋದಯದೊಂದಿಗೆ ಬೆಟ್ಟ ಹತ್ತಬೇಕೆನ್ನುವವನ ವೇಳೆಗೆ ಕೂಡುವುದಿಲ್ಲ. ಸೈಕಲ್ಲನ್ನು ಜನರ ನಡುವೆ ತುರುಕುವುದೂ ಶಿಷ್ಟಾಚಾರವಲ್ಲ.

ಆಗ ನಮಗೆ ಹೊಳೆದುದು ಗ್ರಾಮದ ನಕಾಶೆ. ನಮ್ಮ ಹಳ್ಳಿಗಾಡಿನ ವ್ಯವಹಾರದಲ್ಲಿ ‘ನಕಾಶೆ ಕಂಡ ದಾರಿ’ ಎಂಬುದೊಂದು ಮಾತುಂಟು. ಭೂಮಾಪನದ ಇಲಾಖೆಯವರು ಒಂದೊಂದು ಗ್ರಾಮಕ್ಕೂ ಒಂದೊಂದು ಹಾಳೆಯನ್ನು ಬರೆದು, ಪ್ರತಿಯೊಂದು ಸರ್ವೆ ನಂಬರಿನ ಎಲ್ಲೆಯನ್ನೂ ಕೆರೆ, ಹಳ್ಳ, ಗುಂಡುತೋಪುಗಳನ್ನೂ ಅದರಲ್ಲಿ ಗುರುತಿಸಿರುತ್ತಾರೆ. ಒಂದು ಮೈಲಿಯ ನೆಲವು ಎಂಟು ಅಂಗುಲದ ಕಾಗದದಲ್ಲಿ ಅಡಗುತ್ತದೆ. ತುಂಡುತುಂಡಾದ ಜೋಡಿಗೆರೆಯಿದ್ದರೆ ಬಂಡಿಯ ದಾರಿ, ಒಂಟಿಗೆರೆಯಿದ್ದರೆ ಕಾಲುದಾರಿ. ಇಂತಹ ದಾರಿಯು ಯಾರ ಹೊಲದ ನಡುವೆ ಹೋದರೂ ಸಾರ್ವಜನಿಕರ ನಡೆದಾಟಕ್ಕೆ ಸಲ್ಲತಕ್ಕದ್ದು. ಅದನ್ನು ಮುಚ್ಚಿದರೆ ತೆರವುಮಾಡಿಸುವ ಅಧಿಕಾರವು ತಹಶೀಲ್ದಾರರಿಗಿದೆ. ಈ ನಕಾಶೆಗಳನ್ನು ಈಗ ಅಂತರ್ಜಾಲದಿಂದಲೇ ಇಳಿಸಿಕೊಳ್ಳಬಹುದು.

ಸೋದರಳಿಯನು ಮೂರು ಗ್ರಾಮಗಳ ಹಾಳೆಗಳನ್ನು ಅಚ್ಚುಹಾಕಿಸಿ ತಂದನು. ಒಂದು ಗ್ರಾಮದ ನಕಾಶೆಯು ತನ್ನ ಎಲ್ಲೆಯ ಆಚೆಗೆ ಲೋಕವೇ ಇಲ್ಲವೆಂಬಂತೆ ಮುಗಿದುಹೋಗುವುದರಿಂದ ಮೂರನ್ನೂ ಹಜಾರದ ನೆಲದಮೇಲೆ ಹಾಸಿ ಅಂಚಿಗೆ ಅಂಚು ಕೂಡಿಸಬೇಕಾಯಿತು. ಗಾಳಿಗೆ ಹಾರದಂತೆ ತಂಗಿಯು ಒಂದು ಮೂಲೆಗೆ ಅಡಕೆಕತ್ತರಿಯನ್ನೂ ಇನ್ನೊಂದಕ್ಕೆ ಕಂಚಿನ ಲೋಟವನ್ನೂ ಇಟ್ಟಳು. ಮೂರು ಊರುಗಳ ಗಡಿಕಲ್ಲು ಒಂದಾದ ಕೂಡಲೇ ದಾರಿಯು ಕಾಣಿಸಿಕೊಂಡಿತು: ನಮ್ಮೂರ ಹಿಂಬದಿಯಲ್ಲಿ ಹೊರಟ ಜೋಡಿಗೆರೆಯು ಕೆರೆಯ ಏರಿಯನ್ನು ಬಳಸಿ, ಗುಂಡುತೋಪಿನ ಅಂಚಿನಲ್ಲಿ ತಿರುಗಿ, ಹೆದ್ದಾರಿಯನ್ನು ಎಲ್ಲಿಯೂ ಮುಟ್ಟದೆ ಆವತಿಯ ಎಲ್ಲೆಯನ್ನು ಸೇರಿತ್ತು. “ಮಾವ, ಇದು ಹೆದ್ದಾರಿಗಿಂತ ಹಳೆಯದು” ಎಂದನು ಹುಡುಗ. ಕಾಗದದ ಮೇಲೆ ಹಳೆಯದೇ ಸರಿ; ನೆಲದ ಮೇಲೆ ಎಷ್ಟು ಉಳಿದಿದೆಯೋ ನೋಡಬೇಕಲ್ಲ!

ಮಾರ್ಗಶಿರ ಮಾಸದ ಒಂದು ಭಾನುವಾರ ಪ್ರಾತಃಕಾಲ ನಾವಿಬ್ಬರೂ ಹೊರಟೆವು. ಅವನದು ಬೆಟ್ಟದ ಸೈಕಲ್ಲು; ನಮ್ಮದು ಕಡ್ಡಿ ಬ್ರೇಕಿನ ಹಳೆಯ ಸೈಕಲ್ಲು. ಮಂಜು ಇನ್ನೂ ಹೊಲಗಳ ಮೇಲೆ ಮಲಗಿತ್ತು. ಕೆರೆಯ ಏರಿಯ ಮೇಲಿನ ಹುಣಿಸೆಯ ಮರಗಳವರೆಗೆ ದಾರಿಯು ಚೆನ್ನಾಗಿತ್ತು. ಎರಡು ಬಂಡಿಗಳು ಇದಿರುಬದಿರಾಗಿ ಹಾಯಬಹುದಾದಷ್ಟು ಅಗಲ, ನಡುವೆ ಗಾಲಿಯ ಸವೆತದ ಎರಡು ಸಾಲು. ಅಲ್ಲಿಂದಾಚೆಗೆ ದ್ರಾಕ್ಷಿಯ ಚಪ್ಪರಗಳೂ ನೀಲಗಿರಿಯ ತೋಪುಗಳೂ ಆರಂಭವಾದಲ್ಲಿ ಅದು ಕೃಶವಾಗುತ್ತ ಬಂದಿತು. ಎತ್ತಿನ ಬಂಡಿಗಳು ಮಾಯವಾದವು, ಟ್ರಾಕ್ಟರುಗಳು ಡಾಂಬರಿನ ದಾರಿಯನ್ನೇ ಬಯಸುತ್ತವೆ. ನಡೆದಾಡುವವರಿಲ್ಲದ ದಾರಿಯನ್ನು ಎಡದ ಹೊಲದವನು ವರ್ಷಕ್ಕೆ ಒಂದು ಸಾಲು, ಬಲದ ಹೊಲದವನು ಒಂದು ಸಾಲು ಉತ್ತುಕೊಳ್ಳುತ್ತಾರೆ. ಹತ್ತು ವರ್ಷಗಳಲ್ಲಿ ಬಂಡಿಯ ದಾರಿ ಕಾಲುದಾರಿಯಾಗುತ್ತದೆ. ಇಪ್ಪತ್ತು ವರ್ಷಗಳಲ್ಲಿ ಬದುವಾಗುತ್ತದೆ. ಒಂದೆಡೆ ಜಾಲಿಯ ಮುಳ್ಳು ನಮ್ಮ ಟಯರನ್ನು ಕಚ್ಚಿತು. ಅವನ ಟಯರಿನೊಳಗೆ ಟ್ಯೂಬೇ ಇಲ್ಲ, ಮುಳ್ಳು ಹೊಕ್ಕರೆ ಒಳಗಿನ ದ್ರವವೇ ರಂಧ್ರವನ್ನು ಮುಚ್ಚುತ್ತದಂತೆ. ನಾವು ಪ್ಯಾಚು ಹಾಕುವವರೆಗೆ ಅವನು ವಿನಯದಿಂದ ಪಂಪನ್ನು ಹಿಡಿದು ನಿಂತಿದ್ದನು.

ಮುಂದೆ ದಾರಿಯು ಒಂದು ಕಣದ ನಟ್ಟನಡುವೆ ಹೋಯಿತು. ರಾಗಿಯ ಕೊಯ್ಲು ಮುಗಿದು ತೆನೆಗಳನ್ನು ಹರಡಿದ್ದರು. ನಕಾಶೆಯನ್ನು ಬಿಚ್ಚಿ ಹಿಡಿದು ನಿಂತಿದ್ದ ನಮ್ಮನ್ನು ಕಂಡೊಡನೆ ವೃದ್ಧ ರೈತನೊಬ್ಬನು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು, “ಯಾರ್ ಸ್ವಾಮಿ ನೀವು? ಸರ್ವೆಗ್ ಬಂದಿರಾ?” ಎಂದು ಗದರಿದನು. ಅವನ ಧ್ವನಿಯಲ್ಲಿದ್ದುದು ಕೋಪಕ್ಕಿಂತಲೂ ಹೆಚ್ಚಾಗಿ ಭಯ. ಅದಕ್ಕೆ ಕಾರಣವುಂಟು. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳಲು ಹೊರಟಾಗ ರೈತರು 2022ರಿಂದ ಮೂರು ವರ್ಷಗಳಿಗೂ ಮಿಕ್ಕು ಧರಣಿ ಕುಳಿತರು. 2025ರ ಜುಲೈ ತಿಂಗಳಲ್ಲಿ ಸರ್ಕಾರವು ಆ ಪ್ರಯತ್ನವನ್ನು ಕೈಬಿಟ್ಟಿತು. ಅಂತಹ ಸೀಮೆಯಲ್ಲಿ ಅಪರಿಚಿತನ ಕೈಯಲ್ಲಿನ ನಕಾಶೆಯೆಂದರೆ ಹಾವಿನ ಹೆಡೆಯಿದ್ದಂತೆ.

ನಾವು ನಕಾಶೆಯನ್ನು ಮಡಿಸಿ ಒಳಗಿಟ್ಟು ನಮ್ಮ ಊರನ್ನೂ ಉದ್ಯೋಗವನ್ನೂ ಹೇಳಿದೆವು. ಅವನು ಹತ್ತಿರ ಬಂದು ಮುಖವನ್ನು ದಿಟ್ಟಿಸಿ, “ಓ, ಸಂಸ್ಕೃತದ ಮೇಷ್ಟ್ರಾ! ನಮ್ ಹುಡುಗನ್ನ ಓದ್ಸಿದ್ ನೀವೇ ಅಲ್ವಾ? ಅವ್ನು ಈಗ ಇಮಾನದ್ ನಿಲ್ದಾಣ್ದಾಗೆ ಗಾಡಿ ಓಡುಸ್ತಾನೆ” ಎಂದು ಮಜ್ಜಿಗೆ ತರಿಸಿದನು. ದಾರಿಯ ವಿಷಯವನ್ನು ಕೇಳಲು, “ಬಂಡಿ ದಾರೀನೇ ಸ್ವಾಮಿ ಇದು, ಇಲ್ಲ ಅನ್ನಕಾಯ್ತದಾ? ನಮ್ಮಪ್ಪ ಸಂತೆಗೆ ಹೊಡ್ಕೊಂಡ್ ಹೋಯ್ತಿದ್ದ. ಹೋಗ್ಲಿ ಹುಡುಗ್ರು. ಆದ್ರೆ ಕಣದಾಗೆ ಸೈಕಲ್ ಹತ್ತಂಗಿಲ್ಲ, ಮೆಟ್ ಹಾಕಂಗಿಲ್ಲ, ತಡಿಕೆ ಹಾಕ್ಕೊಂಡ್ ಹೋಗ್ಬೇಕು, ಕರ ಓಡೋಯ್ತವೆ” ಎಂದನು. ಕಣದಲ್ಲಿ ಪಾದರಕ್ಷೆ ಮೆಟ್ಟಬಾರದೆಂಬುದು ಒಕ್ಕಲಿಗರ ಮನೆಗಳಲ್ಲಿ ಎಂದಿನಿಂದಲೂ ನಡೆದುಬಂದ ನೇಮ. ಧಾನ್ಯವಿರುವೆಡೆ ದೇವರಿರುತ್ತಾನೆಂಬ ಭಾವ. ಸೋದರಳಿಯನು ಮಾರು ಮಾತಾಡದೆ ಬೂಟುಗಳನ್ನು ಕಳಚಿ ಕೊರಳಿಗೆ ಹಾಕಿಕೊಂಡು ಸೈಕಲ್ಲನ್ನು ಎತ್ತಿಕೊಂಡು ನಡೆದನು. ರೈತನು ತೃಪ್ತನಾದಂತೆ ಕಂಡಿತು. ಅಂದಿನಿಂದ ಅವನ ಸ್ನೇಹಿತರೂ ಹಾಗೆಯೇ ಮಾಡುತ್ತಿದ್ದಾರೆ.

ಕಣವನ್ನು ದಾಟಿ ಒಂದು ಕಿಲೋಮೀಟರು ಹೋಗುವಷ್ಟರಲ್ಲಿ ದಾರಿಯು ಗೋಡೆಗೆ ಮುಖವನ್ನು ಹೊಡೆದುಕೊಂಡು ನಿಂತಿತು. ಎಂಟು ಅಡಿಗಳ ಆವರಣದ ಗೋಡೆ, ಕಬ್ಬಿಣದ ಬಾಗಿಲು, ಒಳಗೆ ಸಾಲಾಗಿ ನೆಟ್ಟ ನಿವೇಶನದ ಕಲ್ಲುಗಳು. ನಕಾಶೆಯ ಜೋಡಿಗೆರೆಯು ಸರಿಯಾಗಿ ಆ ಬಾಗಿಲಿನ ಕೆಳಗೇ ಹೋಗುತ್ತಿತ್ತು. ಉತ್ತರದೇಶದಿಂದ ಹೊಟ್ಟೆಪಾಡಿಗೆ ಬಂದ ಕಾವಲುಗಾರನು ನಮ್ಮ ಮುರುಕು ಹಿಂದಿಯನ್ನು ಕೇಳಿ ಮುಗುಳುನಕ್ಕು, ಒಡೆಯರ ಅಪ್ಪಣೆಯಿಲ್ಲವೆಂದನು. ಅವನೊಡನೆ ವಾದಿಸಿ ಫಲವಿರಲಿಲ್ಲ. ಅವನು ಆ ಗೋಡೆಯನ್ನು ಕಟ್ಟಿದವನಲ್ಲ. ಪಕ್ಕದ ಕೆರೆಯ ಅಂಗಳದ ಅಂಚಿನಲ್ಲಿ ದನಗಳು ನಡೆದ ಜಾಡೊಂದಿತ್ತು. ಅದನ್ನು ಹಿಡಿದು ಜೊಂಡಿನ ನಡುವೆ ಸುತ್ತಿ ಗೋಡೆಯ ಹಿಂಬದಿಗೆ ಬಂದು ಮರಳಿ ಬಂಡಿಯ ದಾರಿಯನ್ನು ಕೂಡಿದೆವು. ಅಲ್ಲಿಂದ ಆವತಿಯವರೆಗೆ ತೊಡಕಿರಲಿಲ್ಲ. ಎಲ್ಲವೂ ಸೇರಿ ಹತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆಯಾಯಿತೆಂದು ಅವನ ಕೈಗಡಿಯಾರವು ಹೇಳಿತು. ಹೆದ್ದಾರಿಗಿಂತ ಮೂರು ಕಿಲೋಮೀಟರು ದೂರ.

ಆವತಿಯು ಈಗ ಸಾಮಾನ್ಯವಾದ ಹಳ್ಳಿ. ಆದರೆ ಬೆಂಗಳೂರಿನ ವಂಶವೃಕ್ಷದ ಬೇರು ಇಲ್ಲಿದೆಯೆಂದರೆ ಅತಿಶಯೋಕ್ತಿಯಲ್ಲ. ಕಂಚಿಯ ಕಡೆಯಿಂದ ಮೊರಸು ಒಕ್ಕಲಿಗರ ಏಳು ಮಂದಿ ಅಣ್ಣತಮ್ಮಂದಿರು ತಮ್ಮ ಕುಲದ ಕನ್ಯೆಯೊಬ್ಬಳ ಮಾನರಕ್ಷಣೆಗಾಗಿ ಹೆಂಡಿರು ಮಕ್ಕಳೊಡನೆ ರಾತ್ರೋರಾತ್ರಿ ಬಂಡಿಗಳಲ್ಲಿ ಹೊರಟು ಬಂದು ನಂದಿಯ ಸಮೀಪದ ಬೆಟ್ಟದ ಬುಡದಲ್ಲಿ ಬಿಡಾರಮಾಡಿದರೆಂದೂ, ಅವರ ಮುಖಂಡನಾದ ರಣಭೈರೇಗೌಡನು ಈ ಊರನ್ನು ನೆಲೆಗೊಳಿಸಿದನೆಂದೂ ಐತಿಹ್ಯವು ಹೇಳುತ್ತದೆ. ಅವನ ಮಗ ಮಲ್ಲಭೈರೇಗೌಡನು 1501ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದನು. ಚಿಕ್ಕಬಳ್ಳಾಪುರದ ಪಾಳೆಯಗಾರರೂ ಅವನ ವಂಶದವರೇ. ಅದೇ ಕುಲದ ಇನ್ನೊಂದು ಕವಲು ಯಲಹಂಕದಲ್ಲಿ ನೆಲೆಸಿತು. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡನು ಆ ಕವಲಿನವನು. ಅವನ ಹೆಸರನ್ನು ಹೊತ್ತ ವಿಮಾನ ನಿಲ್ದಾಣಕ್ಕೆ ಹೋಗುವ ಲಕ್ಷಾಂತರ ಜನರಲ್ಲಿ ಹತ್ತಿರದಲ್ಲಿಯೇ ಇರುವ ಈ ಮೂಲಸ್ಥಾನವನ್ನು ಬಲ್ಲವರೆಷ್ಟು ಮಂದಿಯೋ! ಹಳೆಯ ಬರಹಗಳಲ್ಲಿ ಊರಿನ ಹೆಸರು ‘ಆಹುತಿ’ ಎಂದಿದೆ. ಆಹುತಿಯು ಬಾಯಿಂದ ಬಾಯಿಗೆ ಸವೆದು ಆವತಿಯಾದುದು ಶಬ್ದಶಾಸ್ತ್ರಕ್ಕೆ ವಿರೋಧವಲ್ಲ. ಅಥವಾ ಹಳೆಯ ದೇಶ್ಯ ಹೆಸರನ್ನೇ ಪಂಡಿತರು ಆಹುತಿಯೆಂದು ತಿದ್ದಿರಲೂಬಹುದು. ನಮ್ಮ ವರ್ಗದವರಿಗೆ ಆ ಚಾಳಿಯಿದೆ. ಯಾವುದೇ ಆಗಲಿ, ಬಂಡಿಗಳಲ್ಲಿ ಬಂದವರ ಊರಿಗೆ ಬಂಡಿಯ ದಾರಿಯಲ್ಲಿಯೇ ಬಂದೆವೆಂಬುದು ನಮಗೆ ಸಂತೋಷವನ್ನುಂಟುಮಾಡಿತು.

ಬೆಟ್ಟದ ಬುಡದಲ್ಲಿ ಹುಡುಗನು ಟಯರಿನ ಗಾಳಿಯನ್ನು ಸ್ವಲ್ಪ ಬಿಟ್ಟನು. ಗಾಳಿ ಕಡಿಮೆಯಾದರೆ ಟಯರು ಹರಡಿ ಬಂಡೆಯನ್ನು ಹಲ್ಲಿಯಂತೆ ಹಿಡಿಯುತ್ತದೆ. ಇನ್ನೂರೈವತ್ತು ಕೋಟಿ ವರ್ಷಗಳಿಗೆ ಸಮೀಪವಾದ ವಯಸ್ಸಿನ ಕಣಶಿಲೆಯು ಇಲ್ಲಿ ಮಳೆಗೂ ಬಿಸಿಲಿಗೂ ಈರುಳ್ಳಿಯ ಸಿಪ್ಪೆಯಂತೆ ಪದರ ಬಿಟ್ಟು ಆನೆಯ ಬೆನ್ನಿನಂತೆ ನುಣುಪಾಗಿದೆ. ಅವನು ಮೇಕೆಯ ಜಾಡಿನಲ್ಲಿ ತುಳಿಯುತ್ತ ತುಳಿಯುತ್ತ ಏರಿ ಮರೆಯಾದನು. ನಾವು ನಮ್ಮ ಸೈಕಲ್ಲನ್ನು ಒಂದು ಹೊಂಗೆಯ ಮರಕ್ಕೆ ಒರಗಿಸಿ ಕಾಲ್ನಡಿಗೆಯಲ್ಲಿ ಹತ್ತಿದೆವು. ಮೇಲಿನಿಂದ ನಂದಿಯೂ ಅದರ ಒಡನಾಡಿಗಳಾದ ಬ್ರಹ್ಮಗಿರಿ, ಚನ್ನರಾಯನ ಬೆಟ್ಟ, ಕಳವಾರದುರ್ಗಗಳೂ ಮಂಜಿನಿಂದ ಒಂದೊಂದಾಗಿ ತಲೆಯೆತ್ತುತ್ತಿದ್ದವು. ಅರ್ಕಾವತಿಯೂ ಉತ್ತರ ದಕ್ಷಿಣ ಪಿನಾಕಿನಿಗಳೂ ಹುಟ್ಟುವ ತಾಣವದು. ಆದರೂ ಇತ್ತ ತಿರುಗಿ ನೋಡಿದರೆ ಒಂದು ಹನಿ ಹರಿಯುವ ನೀರಿಲ್ಲ. ಹೆದ್ದಾರಿಯ ಸದ್ದು ಜೇನುಹುಳುಗಳ ಗುಂಯ್‌ಗುಡುವಿಕೆಯಷ್ಟೇ ಆಗಿತ್ತು. ಅಷ್ಟರಲ್ಲಿ ಹುಡುಗನು ಮೇಲಿನ ಬಂಡೆಯಿಂದ ಇಳಿಯುತ್ತ ಬಂದನು. ಆಸನದಿಂದ ಹಿಂದಕ್ಕೆ ಸರಿದು, ಮೊಣಕಾಲು ಮಡಿಸಿ, ಕುದುರೆಯ ಸವಾರನಂತೆ ಮೈಯನ್ನು ಹಗುರಗೊಳಿಸಿ, ಒಂದು ಮೇಕೆಯ ಹಿಂಡು ಎದುರಾದಲ್ಲಿ ಥಟ್ಟನೆ ನಿಂತು ದಾರಿಬಿಟ್ಟನು. ಬೆಟ್ಟದಲ್ಲಿ ಮೊದಲ ಹಕ್ಕು ಮೇಕೆಯದು, ಆಮೇಲೆ ನಡೆಯುವವನದು, ಕಡೆಗೆ ಸೈಕಲ್ಲಿನದು ಎಂದು ಅವರೊಳಗೆ ನಿಯಮವಂತೆ. ಮಳೆ ಬಂದ ಮಾರನೆಯ ದಿನ ಯಾರೂ ಹತ್ತುವುದಿಲ್ಲವಂತೆ. ಒದ್ದೆ ಮಣ್ಣಿನಲ್ಲಿ ಗಾಲಿಯು ತೋಡಿದ ಗೀರು ಮುಂದಿನ ಮಳೆಗೆ ಕೊರಕಲಾಗುತ್ತದೆ. ಇಂದಿನ ಹುಡುಗರಿಗೆ ವಿವೇಕವಿಲ್ಲವೆಂದು ಗೊಣಗುವ ನಮ್ಮ ಗೆಳೆಯರನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಬೇಕೆಂದಿದ್ದೇವೆ.

ನಡುವಿನ ಹಳ್ಳಿಗಳ ಹೆಸರನ್ನು ನಾವು ಬೇಕೆಂದೇ ಬರೆದಿಲ್ಲ. ಐದಾರು ಮಂದಿ ಕಣದಲ್ಲಿ ಬೂಟು ಕಳಚಿ ನಡೆದರೆ ರೈತನು ಮಜ್ಜಿಗೆ ಕೊಡುತ್ತಾನೆ. ಐವತ್ತು ಮಂದಿ ಬಂದರೆ ತಡಿಕೆಗೆ ಬೀಗ ಹಾಕುತ್ತಾನೆ, ಹಾಕಬೇಕಾದುದೂ ನ್ಯಾಯವೇ. ತಮ್ಮ ಊರಿನ ಬೆಟ್ಟಕ್ಕೆ ದಾರಿಯನ್ನರಸುವವರು ತಮ್ಮ ಊರಿನ ನಕಾಶೆಯನ್ನು ತರಿಸಿಕೊಂಡು, ಹೊಲದವರನ್ನು ಕಂಡು ಮಾತನಾಡಿಸಿ ಹೊರಡಲಿ. ನೀರು, ಪ್ಯಾಚಿನ ಸಾಮಾನು, ಪಂಪು ಇವು ಜೊತೆಯಲ್ಲಿರಬೇಕು. ತಲೆಯ ಟೋಪಿಯನ್ನು ನಮಗೂ ತಂಗಿಯು ಬಲವಂತದಿಂದ ತೊಡಿಸಿದಳು, ಪೇಟಕ್ಕಿಂತ ಹಗುರವಾಗಿದೆ.

ಗೋಡೆಯ ವಿಷಯಕ್ಕೆ ಬರೋಣ. ಹಿಂದಿರುಗಿದ ವಾರದಲ್ಲಿಯೇ ಕಣದ ರೈತನೂ ಸುತ್ತಲಿನ ಹನ್ನೊಂದು ಮಂದಿ ಹಿಡುವಳಿದಾರರೂ ನಾವೂ ಸಹಿಹಾಕಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟೆವು. ಅರ್ಜಿಯ ಒಕ್ಕಣೆಯು ನಮ್ಮದು; ಅದರಲ್ಲಿ ಬೆಟ್ಟದ ಸೈಕಲ್ಲಿನ ಪ್ರಸ್ತಾಪವನ್ನು ಮಾಡದೆ, ಗೊಬ್ಬರ ಸಾಗಿಸುವುದಕ್ಕೂ ಮಕ್ಕಳು ಶಾಲೆಗೆ ಹೋಗುವುದಕ್ಕೂ ದಾರಿಯಿಲ್ಲವಾಗಿದೆಯೆಂದು ಮಾತ್ರ ಬರೆದೆವು, ಏಕೆಂದರೆ ಅದೇ ಮುಖ್ಯವಾದ ಕಷ್ಟ. ಮೋಜಣಿದಾರರು ಬಂದು ಸರಪಳಿ ಹಿಡಿದು ಅಳೆದು, ಗೋಡೆಯ ಎರಡು ಕಡೆಯಲ್ಲಿಯೂ ಸುಣ್ಣದ ಗುರುತನ್ನು ಹಾಕಿ ಹೋದರು. ಆಜ್ಞೆಯು ಇನ್ನೂ ಹೊರಬೀಳಬೇಕಾಗಿದೆ. ಬೆಂಗಳೂರಿನ ಕೊಳಚೆಯ ನೀರನ್ನು ಶುದ್ಧಿಮಾಡಿ ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಿಂದ ಈ ಸೀಮೆಯ ಕೆರೆಗಳಿಗೆ ಹರಿಸುತ್ತಿರುವುದರಿಂದ, ನಾವು ಸುತ್ತಿ ಹೋದ ಕೆರೆಯ ಅಂಚು ವರ್ಷದಲ್ಲಿ ಕೆಲವು ತಿಂಗಳು ಮುಳುಗಿರುತ್ತದೆ. ಆಗ ಹುಡುಗರು ಸೈಕಲ್ಲನ್ನು ಹೆಗಲಮೇಲೆ ಹೊತ್ತು ಮೊಣಕಾಲುದ್ದದ ನೀರಿನಲ್ಲಿ ದಾಟುತ್ತಾರೆ. ನಮ್ಮ ಸೈಕಲ್ಲು ಹೆಗಲಿಗೆ ಭಾರ. ಆದಕಾರಣ ಆ ತಿಂಗಳುಗಳಲ್ಲಿ ನಾವು ಕಣದವರೆಗೆ ಹೋಗಿ, ರೈತನೊಡನೆ ಅರ್ಜಿಯ ಸುದ್ದಿಯನ್ನು ಮಾತನಾಡಿಕೊಂಡು, ಹುಡುಗರು ಮರಳಿ ಬರುವವರೆಗೆ ಅವನ ತಡಿಕೆಯನ್ನು ಕಾಯುತ್ತೇವೆ.